ಪೆಟ್ಟಿಗೆ ನನ್ನ ಅಳತೆಗೆ ಬಂದ ಮೇಲೆ

ಹೆಂಗಸರು ಜೇನು ಸಾಕಬಹುದೇ ಎಂದು ಕೇಳುವವರೆಲ್ಲ ಮೊದಲು ಎತ್ತುವುದು ಕುಟುಕಿನ ಮಾತು. ಅಲರ್ಜಿ ಇಲ್ಲದವರಿಗೆ ಕುಟುಕು ಕ್ರಮೇಣ ಅಭ್ಯಾಸವಾಗುತ್ತದೆ. ಅಭ್ಯಾಸವಾಗದೇ ಉಳಿಯುವುದು ಭಾರ. ಕೋಣೆಯ ಮೇಲೆ ಕೋಣೆ ಪೇರಿಸುವ, ಎರಿ (ನೊಣಗಳು ಕಟ್ಟುವ ಮೇಣದ ಹಲ್ಲೆ) ಕಟ್ಟಿಸಲು ಹತ್ತು ಚೌಕಟ್ಟಿರುವ ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆಯ ದೊಡ್ಡ ಕೋಣೆ ತುಂಬ ಜೇನು ಕಟ್ಟಿತೆಂದರೆ ತೂಕ 40 ಕಿಲೋ ಹತ್ತಿರ ಬರುತ್ತದೆ. ಅಷ್ಟನ್ನು ಬಗ್ಗಿ ಎತ್ತಬೇಕು, ಕುಲುಕದೆ ಪಕ್ಕಕ್ಕಿಡಬೇಕು, ಒಂದು ನೊಣವೂ ಅಪ್ಪಚ್ಚಿಯಾಗದ ಹಾಗೆ ಮತ್ತೆ ಕೂರಿಸಬೇಕು. ಸೊಂಟ ಹಿಡಿದುಕೊಂಡು ಈ ಕೆಲಸ ಬಿಟ್ಟ ಗಂಡಸರನ್ನೂ ಕಂಡಿದ್ದೇನೆ, ಆದರೆ ಅವರಿಗೆ ಯಾರೂ 'ನಿಮಗ್ಯಾಕೆ ಜೇನು' ಎನ್ನಲಿಲ್ಲ.

ನಾನು ಮಾಡಿದ್ದು ಇಷ್ಟೇ. ರಾಣಿ ಮೊಟ್ಟೆ ಇಡುವ ಸಂಸಾರ ಕೋಣೆ, ಜೇನು ತುಂಬುವ ಜೇನು ಕೋಣೆ ಎರಡಕ್ಕೂ ಎಂಟು ಚೌಕಟ್ಟಿನ, ಎತ್ತರ ಕಡಿಮೆಯಿರುವ ಒಂದೇ ಅಳತೆಯ ಕೋಣೆಗಳನ್ನು ಇಟ್ಟುಕೊಂಡೆ. ತುಂಬಿದರೂ ಭಾರ ಹೆಚ್ಚುಕಡಿಮೆ ಅರ್ಧ. ಪೆಟ್ಟಿಗೆ ಕೂರುವ ಸ್ಟ್ಯಾಂಡನ್ನು ಸೊಂಟದ ಮಟ್ಟಕ್ಕೆ ತಂದೆ. ಅದೂ ಭಾರ ಎನಿಸಿದ ದಿನ ಪಕ್ಕದಲ್ಲೊಂದು ಖಾಲಿ ಕೋಣೆ ಇಟ್ಟು, ಒಂದೊಂದೇ ಚೌಕಟ್ಟು ಅದಕ್ಕೆ ದಾಟಿಸಿ, ಮೇಲೆ ಬಟ್ಟೆ ಮುಚ್ಚುತ್ತೇನೆ. ಇದಕ್ಕೆ ಬೆಲೆಯೂ ಇದೆ: ರಾಣಿ ಎರಡು ಮೂರು ಕೋಣೆಗಳಲ್ಲಿ ಓಡಾಡಿ ಮೊಟ್ಟೆ ಇಡುವುದರಿಂದ ತಪಾಸಣೆಗೆ ಹೆಚ್ಚು ಹೊತ್ತು ಹಿಡಿಯುತ್ತದೆ.

ಇದೇ ವಿಷಯ ದೊಡ್ಡ ಮಟ್ಟದಲ್ಲಿ ನಡೆದದ್ದು ಕೀನ್ಯಾದಲ್ಲಿ. ಅಲ್ಲಿ ಮರದ ದಿಮ್ಮಿ ಕೊರೆದ ಗೂಡುಗಳನ್ನು ಎತ್ತರದ ಕೊಂಬೆಗೆ ಕಟ್ಟುತ್ತಿದ್ದರು. ಹೆಂಗಸರು ಮರ ಹತ್ತುವುದು ಎಷ್ಟೋ ಸಮುದಾಯಗಳಿಗೆ ಒಪ್ಪಿಗೆಯಿರಲಿಲ್ಲ, ಹಾಗಾಗಿ ಜೇನು ಗಂಡಸರದ್ದಾಗಿತ್ತು. 1970ರ ದಶಕದಲ್ಲಿ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದವರು ಅಲ್ಲಿ ಕೆಲಸ ಮಾಡಿ ರೂಪಿಸಿದ ಟಾಪ್ ಬಾರ್ ಗೂಡು ನೆಲಕ್ಕೆ ಹತ್ತಿರ, ಸೊಂಟದ ಎತ್ತರದಲ್ಲಿ ನಿಂತಿತು. ಕೋಣೆ ಎತ್ತುವ ಪ್ರಶ್ನೆಯೇ ಇಲ್ಲ; 32 ಮಿಲಿಮೀಟರ್ ಅಗಲದ ಪಟ್ಟಿಗಳು ಸಾಲಾಗಿ ಕೂತಿರುತ್ತವೆ, ಒಂದೊಂದಕ್ಕೂ ಒಂದೊಂದು ಎರಿ ಜೋತಿರುತ್ತದೆ. ನಾನೂ ಇಂಥವನ್ನು ಕೆಲವು ಇಟ್ಟಿದ್ದೇನೆ. ತಂತಿಯಿಲ್ಲದ ಎಳೆ ಎರಿಯನ್ನು ಬಿಸಿಲಲ್ಲಿ ಅಡ್ಡ ಹಿಡಿದರೆ ಕಳಚಿ ಬೀಳುತ್ತದೆ. ಜೇನನ್ನು ಎರಿ ಕೊಯ್ದು ಹಿಂಡಿಯೇ ತೆಗೆಯಬೇಕಾದ್ದರಿಂದ ನೊಣಗಳು ಪ್ರತಿ ಸಲ ಹೊಸದಾಗಿ ಕಟ್ಟಬೇಕು. ಜೇನು ಕಡಿಮೆ, ಮೇಣ ಹೆಚ್ಚು.

ಮೆಕ್ಸಿಕೋದ ಯುಕಟಾನ್ ಪರ್ಯಾಯ ದ್ವೀಪದಲ್ಲಿ ಮಾಯಾ ಹೆಂಗಸರು ಸಾಕುವ ಮೆಲಿಪೋನಾ ಎಂಬ ಜೇನುನೊಣ ಕುಟುಕುವುದಿಲ್ಲ, ಅದು ಗೂಡು ಕಟ್ಟುವ ದಿಮ್ಮಿಗಳು ಮನೆ ಪಕ್ಕದ ಸೂರಿನಡಿ ಇರುತ್ತವೆ. ಗೂಡು ಮನೆ ಹತ್ತಿರ ಇದ್ದರೂ ಹೂವು ಕಾಡಿನಲ್ಲೇ ತಾನೇ? ಆ ಕಾಡಿಗಾಗಿ ಕುಲಾಂತರಿ ಸೋಯಾ ವಿರುದ್ಧ ಹೋರಾಡಿದ ಜೇನು ಸಾಕಣೆದಾರ್ತಿ ಲೇಡಿ ಪೆಚ್‌ಗೆ 2020ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು.

ನನಗೆ ಅತಿ ಇಷ್ಟವಾದ ಕೆಲಸಕ್ಕೆ ತೋಳ್ಬಲ ಬೇಡವೇ ಬೇಡ: ರಾಣಿ ಬೆಳೆಸುವುದು. ಮೊಟ್ಟೆ ಮೂರು ದಿನಕ್ಕೆ ಒಡೆಯುತ್ತದೆ. ಹೊರಬಂದು 24 ಗಂಟೆ ಕಳೆಯದ ಮರಿ ಬೇಕು. ಅದು ಎರಿಯ ಕಣದ ತಳದಲ್ಲಿ ಹಾಲುಬಣ್ಣದ ರಸದ ಮೇಲೆ ಅಲ್ಪವಿರಾಮದ ಗುರುತಿನ ಹಾಗೆ ಬಾಗಿಕೊಂಡು ತೇಲುತ್ತಿರುತ್ತದೆ. ಬಿಸಿಲಿಗೆ ಬೆನ್ನು ಹಾಕಿ, ಬೆಳಕು ಹೆಗಲ ಮೇಲಿಂದ ಕಣದೊಳಗೆ ಬೀಳುವಂತೆ ಎರಿ ಹಿಡಿದರೆ ಮೊದಲು ರಸ ಮಿನುಗುತ್ತದೆ. ಮರಿ ಕಣ್ಣಿಗೆ ಸಿಗಲು ಇನ್ನೂ ಸ್ವಲ್ಪ ಹೊತ್ತು. ಕಡ್ಡಿಯ ತುದಿಯನ್ನು ಮರಿಯ ಬೆನ್ನಿನ ಕಡೆಯಿಂದ ರಸದಡಿಗೆ ತೂರಿಸಿ, ರಸದ ಸಮೇತ ಎತ್ತಿ ಮೇಣದ ಬಟ್ಟಲಿಗೆ ಇಳಿಸುತ್ತೇನೆ. ಮಗುಚಿತೋ, ಸತ್ತಿತು, ಅದು ಉಸಿರಾಡುವುದು ಮೇಲಿನ ಮಗ್ಗುಲಿನಿಂದ. ಬಟ್ಟಲುಗಳಿಗೆ ಒದ್ದೆ ಬಟ್ಟೆ ಹೊದಿಸಿ, ರಾಣಿಯಿಲ್ಲದ, ಎಳೆ ನೊಣಗಳು ಕಿಕ್ಕಿರಿದ ಜೇನು ಕುಟುಂಬಕ್ಕೆ ಕೊಡುತ್ತೇನೆ, ಆ ಮರಿಗಳನ್ನು ಅವು ರಾಣಿಯಾಗಿ ಸಾಕಲಿ ಎಂದು. ಮಾರನೇ ದಿನ ಬಟ್ಟಲಿನ ಅಂಚಿಗೆ ಹೊಸ ಮೇಣ ಏರಿದ್ದರೆ ಅವು ಒಪ್ಪಿಕೊಂಡಿವೆ ಎಂದೇ ಲೆಕ್ಕ.

ಮೊಟ್ಟೆಯಿಂದ ಎಣಿಸಿದರೆ ರಾಣಿ ಹೊರಬರುವುದು 16ನೇ ದಿನ. ಮರಿ ವರ್ಗಾಯಿಸಿದ 10ನೇ ದಿನವೇ ರಾಣಿಗಳು ಬೆಳೆಯುತ್ತಿರುವ ಈ ಬಟ್ಟಲುಗಳನ್ನು, ಅಂದರೆ ಕೋಶಗಳನ್ನು, ಬೇರೆ ಬೇರೆ ಕುಟುಂಬಕ್ಕೆ ಹಂಚದಿದ್ದರೆ, ಮೊದಲು ಬಂದವಳು ಉಳಿದವರನ್ನು ಕೋಶದೊಳಗೇ ಮುಗಿಸುತ್ತಾಳೆ.

ಇಂಥ ಸೂಕ್ಷ್ಮ ಕೈಗೆಲಸದಿಂದಲೇ ಜಿನೀವಾದ ಕ್ರಿಸ್ಟೀನ್ ಜುರೀನ್ ಕೆಲಸಗಾರ ನೊಣಗಳನ್ನು ಕೊಯ್ದು, ಬೆಳವಣಿಗೆ ನಿಂತ ಅಂಡಾಶಯವನ್ನು ತೋರಿಸಿಕೊಟ್ಟಳು. ಕೆಲಸಗಾರ ನೊಣಗಳೂ ಹೆಣ್ಣೇ ಎಂಬುದಕ್ಕೆ ಅದು ಸಾಕ್ಷಿಯಾಯಿತು. ಕಣ್ಣು ಕಾಣದ ಫ್ರಾಂಸ್ವಾ ಹ್ಯೂಬರ್ ಜೇನುನೊಣಗಳ ಬಗ್ಗೆ ನಡೆಸಿದ ಸಂಶೋಧನೆಗೆ ಆಕೆಯ ನೆರವಿತ್ತು, ಅವನ ಹೆಂಡತಿ ಮಾರಿ-ಎಮೇ ಲುಲ್ಲಿನ್ ಅವನಿಗಾಗಿ ಓದಿ ಬರೆದು ಜೊತೆಗಿದ್ದಳು. ಹೆಸರು ಹೆಚ್ಚಾಗಿ ಉಳಿದದ್ದು ಹ್ಯೂಬರನದು, ಇರಲಿ.

ಜೇನು ಕೊಳ್ಳಲು ಬರುವವರು ಈಗಲೂ 'ಯಜಮಾನರು ಇಲ್ಲವೇ' ಎನ್ನುವುದುಂಟು. ರಾಣಿಕೋಶಕ್ಕೆ ಬರುವವರು ಹಾಗೆ ಕೇಳುವುದಿಲ್ಲ. ಮರಿ ಯಾವತ್ತು ವರ್ಗಾಯಿಸಿದ್ದು, ಕೋಶ ಯಾವತ್ತು ಒಡೆಯುತ್ತದೆ ಎಂಬ ಲೆಕ್ಕ ನನ್ನ ಪುಸ್ತಕದಲ್ಲಿದೆ, ನೇರವಾಗಿ ನನ್ನ ಹತ್ತಿರವೇ ಬರುತ್ತಾರೆ.