ಮೂರು ಅಂದದ್ದೋ, ಆರು ಅಂದದ್ದೋ

ಎರಡೇ ಸೆಕೆಂಡ್. ಆ ವರ್ಷದ ಕೊನೆಯ ಕಾರ್ ರ‍್ಯಾಲಿ ನನ್ನ ಕೈತಪ್ಪಿದ್ದು ಅಷ್ಟಕ್ಕೆ. ಅದರ ಜೊತೆಗೆ ನಮ್ಮ ವರ್ಗದ ಕಾರುಗಳ ಚಾಂಪಿಯನ್‌ಶಿಪ್ಪೂ ಹೋಯಿತು, ಒಂದು ಪಾಯಿಂಟಿನಲ್ಲಿ.

ನಾನು ತೀರ್ಥಹಳ್ಳಿ ಕಡೆಯವನು. ಅಡಿಕೆ ತೋಟದ ದಾರಿಯಲ್ಲಿ ಅಪ್ಪನ ಜೀಪು ಓಡಿಸಿ ಕಲಿತೆ. ನಮ್ಮ ಕೆಂಪು ಮಣ್ಣು ಒಣಗಿದಾಗ ಚಕ್ರದಡಿ ಜಲ್ಲಿ ಉರುಳುತ್ತದೆ, ಮಳೆ ಬಿದ್ದರೆ ಸೋಪಿನ ಹಾಗೆ ಜಾರುತ್ತದೆ, ಮರದ ನೆರಳಿನ ತಿರುವಿನಲ್ಲಂತೂ ಬಿಸಿಲು ಬಂದು ಎರಡು ದಿನವಾದರೂ ಪಾಚಿ ಹಾಗೇ ಇರುತ್ತದೆ. ವೇಗ ಅಲ್ಲಿ ಬಂತು. ಪೇಸ್ ನೋಟ್ಸ್ ಮಾತ್ರ ತಡವಾಗಿ ಕಲಿತೆ.

ರೆಕ್ಕಿಯಲ್ಲಿ, ಅಂದರೆ ರೇಸಿಗೆ ಮೊದಲು ದಾರಿ ನೋಡಿಕೊಳ್ಳುವಾಗ, ನಿಧಾನವಾಗಿ ಹೋಗುತ್ತಾ ಒಂದೊಂದು ತಿರುವಿಗೂ ನಂಬರ್ ಕೊಟ್ಟು ಬರೆದುಕೊಳ್ಳುತ್ತೇವೆ, ಅದೇ ಪೇಸ್ ನೋಟ್ಸ್. ನಮ್ಮ ಲೆಕ್ಕದಲ್ಲಿ 1 ಅಂದರೆ ತೀರಾ ಕಡಿದು, 6 ಅಂದರೆ ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕಿಲ್ಲ. ರೇಸಿನಲ್ಲಿ ಪಕ್ಕದಲ್ಲಿ ಕೂತ ಕೋ-ಡ್ರೈವರ್ ಅದನ್ನು ಓದುತ್ತಾನೆ. ನಾವು ಕನ್ನಡದಲ್ಲೇ ಓದುತ್ತಿದ್ದೆವು: ‘ಐವತ್ತು, ಎಡ ನಾಲ್ಕು, ದಿಬ್ಬ, ಬಲ ಎರಡು, ಒಳಗೆ ಕಲ್ಲು.’ ಐವತ್ತು ಅಂದರೆ ಮುಂದಿನ ತಿರುವಿಗೆ ಇರುವ ಮೀಟರ್.

ಆ ದಿನ ಕೊನೆಯ ಸ್ಟೇಜ್ (ಸಮಯ ಅಳೆಯುವ ಹಂತ), ಕಾಫಿ ತೋಟದೊಳಗೆ. ಜಿನುಗು ಮಳೆ. ತಳಕ್ಕೆ ಕಲ್ಲು ಬಡಿಯುವ ಸದ್ದು, ಇಂಟರ್‌ಕಾಮ್‌ನಲ್ಲಿ ಗರಗರ. ನನ್ನ ಕೋ-ಡ್ರೈವರ್ ‘ಎಡ ಆರು’ ಅಂದ. ನನಗೆ ಕೇಳಿಸಿದ್ದು ‘ಎಡ ಮೂರು’. ಜೋರಾಗಿ ಬ್ರೇಕ್ ಹಾಕಿ ಎರಡನೇ ಗೇರಿಗೆ ಇಳಿದೆ, ನೋಡಿದರೆ ಮುಂದೆ ರಸ್ತೆ ಅಗಲವಾಗಿ ತೆರೆದುಕೊಂಡಿದೆ. ಅಲ್ಲಿಂದ ಏರು ಬೇರೆ. ಮೂರನ್ನು ಆರು ಅಂತ ಕೇಳಿಸಿಕೊಂಡಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ.

ಆ ಮಳೆಗಾಲವೆಲ್ಲ ಬ್ರಿಟಿಷ್ ರೇಸ್ ಡ್ರೈವರ್ ಸ್ಟರ್ಲಿಂಗ್ ಮಾಸ್ ಬಗ್ಗೆ ಓದಿದೆ. 1955ರಿಂದ 1958ರವರೆಗೆ ನಾಲ್ಕು ವರ್ಷವೂ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಎರಡನೇ ಸ್ಥಾನ! 1958ರಲ್ಲಿ ಅವರು ನಾಲ್ಕು ಗ್ರಾಂಪ್ರಿ ಗೆದ್ದರು, ಮೈಕ್ ಹಾಥಾರ್ನ್ ಗೆದ್ದದ್ದು ಒಂದು, ಆದರೂ 42–41ರಲ್ಲಿ ಹಾಥಾರ್ನ್ ಚಾಂಪಿಯನ್ ಆದರು. ಆಗ ಅತಿ ವೇಗದ ಲ್ಯಾಪಿಗೂ ಒಂದು ಪಾಯಿಂಟ್ ಇತ್ತು. ಪೋರ್ಚುಗಲ್‌ನಲ್ಲಿ ಹಾಥಾರ್ನ್ ರೆಕಾರ್ಡ್ ಮಾಡಿದ್ದಾರೆ ಅಂತ ಪಿಟ್‌ನವರು ಬೋರ್ಡ್ ಹಿಡಿದರು. ಮಾಸ್‌ಗೆ ‘ರೆಕ್’ (ರೆಕಾರ್ಡ್) ಅನ್ನೋದು ‘ರೆಗ್’ (ರೆಗ್ಯುಲರ್) ಅಂತ ಕಂಡಿತು, ಇಂಗ್ಲಿಷಿನ ಸಿ ಮತ್ತು ಜಿ ನೋಡಲು ಒಂದೇ ತರ ಅಲ್ವಾ. ಹಾಥಾರ್ನ್ ಎಂದಿನಂತೆ ಬರುತ್ತಿದ್ದಾರೆ ಅಂದುಕೊಂಡು ಅವರು ವೇಗ ಹೆಚ್ಚಿಸಲಿಲ್ಲ. ಅದೇ ರೇಸಿನಲ್ಲಿ ಹಾಥಾರ್ನ್ ಡಿಸ್‌ಕ್ವಾಲಿಫೈ ಆಗುವುದರಲ್ಲಿದ್ದಾಗ ಅವರ ಪರ ಸಾಕ್ಷಿ ಹೇಳಿದವರೂ ಮಾಸ್. ಇಂಥ ಮನುಷ್ಯನ ಮೇಲೆ ನನಗೆ ತುಂಬಾ ಗೌರವ.

ಇಟಲಿಯ ರಸ್ತೆ ರೇಸ್ ಮಿಲ್ಲೆ ಮಿಲ್ಯಾವನ್ನು 1955ರಲ್ಲಿ ಅವರು 10 ಗಂಟೆ 7 ನಿಮಿಷ 48 ಸೆಕೆಂಡಿನಲ್ಲಿ ಗೆದ್ದಾಗ ಪಕ್ಕದಲ್ಲಿದ್ದ ಡೆನಿಸ್ ಜೆಂಕಿನ್ಸನ್ ಕಾಗದದ ಸುರುಳಿ ನೋಡಿ ಕೈಸನ್ನೆ ಮಾಡುತ್ತಿದ್ದರು, ಆ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ. ಅದು ಓದಿದ ಮೇಲೆ ನಮ್ಮ ಪದಗಳನ್ನೇ ಪರೀಕ್ಷೆ ಮಾಡಿದೆವು. ತೋಟದ ಡೀಸೆಲ್ ಪಂಪ್‌ಸೆಟ್ ಚಾಲೂ ಮಾಡಿ, ಅದರ ಪಕ್ಕ ಅವನು ಓದಬೇಕು, ನಾನು ಕೇಳಿದ್ದನ್ನು ಬರೆಯಬೇಕು. ಇಪ್ಪತ್ತು, ಎಪ್ಪತ್ತು ಎರಡೂ ಒಂದೇ! ಎಪ್ಪತ್ತನ್ನು ಬಿಟ್ಟೇ ಬಿಟ್ಟೆವು, ಅರವತ್ತು ಅಥವಾ ಎಂಬತ್ತು ಅಷ್ಟೆ. ಆರು ಹೋಗಿ ‘ಸಲೀಸು’ ಬಂತು. ‘ಎಡ ಸಲೀಸು’ ಎಂಥ ಸದ್ದಿನಲ್ಲೂ ಕೇಳುತ್ತದೆ. ಆಮೇಲೆ ಆಗುಂಬೆ ಘಾಟಿಯ 14 ಹೇರ್‌ಪಿನ್‌ಗಳನ್ನು ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಎಷ್ಟೋ ಸಲ ಬರೆದೆವು.

ಮುಂದಿನ ವರ್ಷವೂ ನಾನು ಎರಡನೆಯವನೇ, ಡ್ರೈವ್ ಶಾಫ್ಟ್ ಮುರಿದು. ಆದರೆ ಇಡೀ ಸೀಸನ್ನಿನಲ್ಲಿ ಒಂದು ನೋಟ್ ಕೂಡ ತಪ್ಪು ಕೇಳಿಸಲಿಲ್ಲ.