ಎರಡು ಮೋಡೆಮ್ ಇದ್ದರೆ ಡೇಟಾ ಹೀಗೆ ಹಂಚಿ
ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ಕಡಿಯುತ್ತದೆ ಅಂತ ಕೊಡಗಿನಲ್ಲಿ ಎರಡು ಕನೆಕ್ಷನ್ ಇಟ್ಟುಕೊಂಡವರಿಗೆ ಒಂದು ಮಾತು. ನಮ್ಮಲ್ಲಿ ತಿಂಗಳ ಮಧ್ಯಕ್ಕೇ ಒಂದರ ಡೇಟಾ ಮುಗಿಯುತ್ತಿತ್ತು, ಇನ್ನೊಂದು ಸುಮ್ನೆ ಉಳಿಯುತ್ತಿತ್ತು. ಫೋನು, ಟಿವಿ ಎಲ್ಲವೂ ಹಳೆಯ ವೈಫೈಯನ್ನೇ ಹಿಡಿಯುತ್ತಿದ್ದವು, ಅದೇ ಕಾರಣ.

ಎರಡಕ್ಕೂ ಬೇರೆ ಬೇರೆ ಹೆಸರು, ಪಾಸ್‌ವರ್ಡ್ ಕೊಡಿ. ಟಿವಿಯನ್ನು ಒಂದಕ್ಕೇ ಕಟ್ಟಿಹಾಕಿ. ಜಾಸ್ತಿ ಡೇಟಾ ಎಳೆಯುವುದು ಅದೇ ಅಲ್ವಾ! ಎಚ್‌ಡಿ ವಿಡಿಯೊ ಗಂಟೆಗೆ ಸುಮಾರು 3 ಜಿಬಿ ತನಕ ತಿನ್ನುತ್ತದೆ. ವಿಡಿಯೊ ಗುಣಮಟ್ಟವನ್ನು 480ಪಿಗೆ ಇಳಿಸಿದರೆ ಹೆಚ್ಚುಕಮ್ಮಿ 1 ಜಿಬಿಯಲ್ಲಿ ಮುಗಿಯುತ್ತದೆ. ಮಕ್ಕಳ ಕ್ಲಾಸು, ಆಫೀಸು ಕೆಲಸ ಇನ್ನೊಂದರಲ್ಲಿ ಇರಲಿ. ಲ್ಯಾಪ್‌ಟಾಪ್‌ನ ವಿಂಡೋಸ್‌ನಲ್ಲಿ ಆ ವೈಫೈಗೆ ‘ಮೀಟರ್ಡ್ ಕನೆಕ್ಷನ್’ ಆನ್ ಮಾಡಿ, ದೊಡ್ಡ ಅಪ್‌ಡೇಟ್‌ಗಳು ತಾವಾಗಿಯೇ ಇಳಿಯುವುದು ಬಹುಪಾಲು ನಿಲ್ಲುತ್ತದೆ.