ಚಂದಾ ಕಟ್ಟುವ ಮುಂಚೆ ಪಟ್ಟಿ ಬರೆದೆ

ಮನೆಯಲ್ಲಿ ಸಿನಿಮಾ ನೋಡಲು ಯಾವುದಾದರೂ ಸ್ಟ್ರೀಮಿಂಗ್ ಸೇವೆಗೆ ಚಂದಾ ಕಟ್ಟೋಣವೇ ಎಂಬ ಮಾತು ಬಂದಾಗ ನಾನು ಯಾವ ಆ್ಯಪನ್ನೂ ತೆರೆಯಲಿಲ್ಲ. ಒಂದು ನೋಟ್‌ಬುಕ್ ತೆಗೆದು, ನೋಡಲೇಬೇಕು ಅನ್ನಿಸಿದ ಸಿನಿಮಾಗಳ ಹೆಸರು ಬರೆಯತೊಡಗಿದೆ. ಆ್ಯಪ್ ತೆರೆದ ಮೇಲೆ ಈ ಕೆಲಸ ಕಷ್ಟ. ಅದರ ಮೊದಲ ಪರದೆ ತನ್ನ ಹತ್ತಿರ ಏನಿದೆಯೋ ಅದನ್ನು ತೋರಿಸುತ್ತದೆ. ಸ್ವಲ್ಪ ಹೊತ್ತು ಪೋಸ್ಟರ್‌ಗಳನ್ನು ಸರಿಸುತ್ತಾ ಕೂತರೆ ಸಾಕು, ನಮಗೆ ಬೇಕಾಗಿದ್ದೂ ಅದೇ ಅನ್ನಿಸಲು ಶುರುವಾಗುತ್ತದೆ.

ಪಟ್ಟಿಗೆ ಒಂದೇ ನಿಯಮ ಇಟ್ಟುಕೊಂಡೆ. ಎಲ್ಲೂ ಹುಡುಕದೆ, ತಾನಾಗಿ ನೆನಪಿಗೆ ಬಂದ ಸಿನಿಮಾ ಮಾತ್ರ ಬರೆಯಬೇಕು. ಥಿಯೇಟರ್‌ನಲ್ಲಿ ತಪ್ಪಿಹೋದದ್ದು, ಗೆಳೆಯರು ಪದೇಪದೇ ಹೇಳಿದ್ದು, ಒಬ್ಬ ನಿರ್ದೇಶಕರ ಒಂದು ಸಿನಿಮಾ ನೋಡಿ ಉಳಿದದ್ದನ್ನೂ ನೋಡಬೇಕು ಅನ್ನಿಸಿದ್ದು, ಹೀಗೆ. ಒಂದೇ ಸಲಕ್ಕೆ ಮುಗಿಸಲಿಲ್ಲ. ನೋಟ್‌ಬುಕ್ ಟಿವಿ ಪಕ್ಕದಲ್ಲೇ ಬಿಟ್ಟಿದ್ದೆ, ನೆನಪಾದಾಗ ಸೇರಿಸುತ್ತಿದ್ದೆ. ಅಮ್ಮನ ಪಟ್ಟಿಗೆ ಬೇರೆ ಪುಟ. ಮನೆಮಂದಿಯ ಆಸೆಗಳನ್ನೆಲ್ಲ ಒಂದೇ ಪುಟದಲ್ಲಿ ಬೆರೆಸಿದರೆ ಯಾರಿಗಾಗಿ ದುಡ್ಡು ಕಟ್ಟುತ್ತಿದ್ದೇವೆ ಎನ್ನುವುದೇ ಗೊತ್ತಾಗುವುದಿಲ್ಲ.

ಆಮೇಲೆ ಪ್ರತಿ ಹೆಸರಿನ ಮುಂದೆ ಅದು ಎಲ್ಲಿ ಸಿಗುತ್ತದೆ ಎಂದು ಬರೆದೆ. ಇದಕ್ಕೆ ಜಸ್ಟ್‌ವಾಚ್ ಎಂಬ ತಾಣ ಬಹಳ ಉಪಯೋಗಕ್ಕೆ ಬಂತು. ಸಿನಿಮಾದ ಹೆಸರು ಹಾಕಿದರೆ ಅದು ಯಾವ ಸೇವೆಯಲ್ಲಿ ಚಂದಾದೊಳಗೆ ಸಿಗುತ್ತದೆ, ಎಲ್ಲಿ ಬಾಡಿಗೆಗೆ ಸಿಗುತ್ತದೆ, ಎಲ್ಲಿ ಕೊಳ್ಳಬಹುದು ಎಂದು ಬೇರೆಬೇರೆಯಾಗಿ ತೋರಿಸುತ್ತದೆ. ಅಲ್ಲಿ ನಮ್ಮ ದೇಶವನ್ನು ಸರಿಯಾಗಿ ಆರಿಸಿಕೊಳ್ಳಬೇಕು. ಸಿನಿಮಾ ಹಕ್ಕುಗಳನ್ನು ದೇಶದೇಶಕ್ಕೆ ಬೇರೆಯಾಗಿ ಮಾರುವುದರಿಂದ ಒಂದೇ ಸೇವೆಯಲ್ಲೂ ಒಂದೊಂದು ದೇಶಕ್ಕೆ ಒಂದೊಂದು ಪಟ್ಟಿ ಇರುತ್ತದೆ. ಇಂಥ ತಾಣಗಳ ಮಾಹಿತಿ ಕೆಲವೊಮ್ಮೆ ಹಳೆಯದಾಗಿರುತ್ತದೆ. ಹಾಗಾಗಿ ಮುಖ್ಯವಾದ ಹೆಸರುಗಳನ್ನು ಆಯಾ ಸೇವೆಯಲ್ಲೇ ಇನ್ನೊಮ್ಮೆ ಹುಡುಕಿ ಖಚಿತ ಮಾಡಿಕೊಂಡೆ.

ಪುಟ ತುಂಬಿದಾಗ ಚಿತ್ರ ಸ್ಪಷ್ಟವಾಯಿತು. ಹೊಸ ಸಿನಿಮಾಗಳು ನಾಲ್ಕು ದಿಕ್ಕಿಗೆ ಹರಡಿದ್ದವು. ಒಂದು ಇಲ್ಲಿ, ಎರಡು ಅಲ್ಲಿ. ಹಳೆಯ ಕಪ್ಪುಬಿಳುಪು ಸಿನಿಮಾಗಳಲ್ಲಿ ಹೆಚ್ಚಿನವು ದೊಡ್ಡ ಸೇವೆಗಳಲ್ಲಿ ಇರಲೇ ಇಲ್ಲ. ಅಂಥವಕ್ಕೆ ಮುಬಿಯಂಥ ಚಿಕ್ಕ, ಆರಿಸಿ ಇಡುವ ಸೇವೆಗಳನ್ನು ನೋಡಬೇಕಾಯಿತು. ಸಾವಿರಾರು ಸಿನಿಮಾ ಇವೆ ಎಂಬ ಜಾಹೀರಾತಿಗೆ ನಾನು ಅಂದಿನಿಂದ ಕಿವಿಗೊಡುವುದಿಲ್ಲ. ನನ್ನ ಪುಟದಲ್ಲಿರುವ ಎಷ್ಟು ಹೆಸರು ಅಲ್ಲಿವೆ, ಅದೊಂದೇ ನನಗೆ ಲೆಕ್ಕ.

ಹೀಗೆ ಯಾಕೆ ಹರಡಿರುತ್ತವೆ ಅಂತ ತಿಳಿದುಕೊಂಡದ್ದು ನಿರ್ಧಾರಕ್ಕೆ ಸಹಾಯವಾಯಿತು. ನೆಟ್‌ಫ್ಲಿಕ್ಸ್ ಶುರುವಿನಲ್ಲಿ, 1998ರಿಂದ, ಅಮೆರಿಕದಲ್ಲಿ ಅಂಚೆಯ ಮೂಲಕ ಡಿವಿಡಿ ಬಾಡಿಗೆಗೆ ಕೊಡುತ್ತಿತ್ತು. ಅಲ್ಲಿನ ಕಾನೂನಿನ ಪ್ರಕಾರ ಡಿಸ್ಕ್ ಕೊಂಡವರು ಅದನ್ನು ಬಾಡಿಗೆಗೆ ಕೊಡಬಹುದು, ಸಿನಿಮಾ ಮಾಡಿದವರ ಅನುಮತಿ ಬೇಕಿಲ್ಲ. ಹಾಗಾಗಿ ಯಾವ ಕಂಪನಿಯ ಸಿನಿಮಾ ಆದರೂ ಅದರ ಕಪಾಟಿನಲ್ಲಿ ಇರಬಹುದಿತ್ತು. 2007ರಲ್ಲಿ ಸ್ಟ್ರೀಮಿಂಗ್ ಶುರುವಾದಾಗ ಲೆಕ್ಕ ಬದಲಾಯಿತು. ಸ್ಟ್ರೀಮಿಂಗ್‌ಗೆ ಹಕ್ಕುದಾರರ ಜೊತೆ ಪ್ರತ್ಯೇಕ ಒಪ್ಪಂದ ಬೇಕು, ಆ ಒಪ್ಪಂದಕ್ಕೆ ಅವಧಿ ಇರುತ್ತದೆ. ಅವಧಿ ಮುಗಿದರೆ ಸಿನಿಮಾ ಹೋಗುತ್ತದೆ, ಕೆಲವೊಮ್ಮೆ ಇನ್ನೊಂದು ಸೇವೆಯಲ್ಲಿ ಕಾಣಿಸಿಕೊಳ್ಳುತ್ತದೆ. ಡಿವಿಡಿ ಸೇವೆಯಂತೂ 2023ರ ಸೆಪ್ಟೆಂಬರ್‌ನಲ್ಲಿ ನಿಂತೇಹೋಯಿತು. ಸೇವೆಯ ಸ್ವಂತ ನಿರ್ಮಾಣವಾದರೆ ಶಾಶ್ವತವಾಗಿ ಇರುತ್ತದೆ ಎನ್ನುವುದೂ ನಿಜವಲ್ಲ. 2023ರ ಮೇ ತಿಂಗಳಲ್ಲಿ ಡಿಸ್ನಿ ಪ್ಲಸ್ ತನ್ನದೇ ಹಲವಾರು ಶೋಗಳನ್ನು ತೆಗೆದುಹಾಕಿತು. ಆದ್ದರಿಂದ ‘ಯಾವಾಗಲಾದರೂ ನೋಡೋಣ’ ಎಂಬ ಸಿನಿಮಾಕ್ಕಾಗಿ ಚಂದಾ ಕಟ್ಟಿಕೊಂಡು ಕೂರಬಾರದು ಎಂದು ತೀರ್ಮಾನಿಸಿದೆ. ಪಟ್ಟಿಯಲ್ಲಿ ಈ ತಿಂಗಳೇ ನೋಡುವಂಥವಕ್ಕೆ ಗುರುತು ಹಾಕಿದೆ. ಲೆಕ್ಕಕ್ಕೆ ತೆಗೆದುಕೊಂಡದ್ದು ಅವನ್ನು ಮಾತ್ರ.

ದುಡ್ಡಿನ ಲೆಕ್ಕ ಸರಳ. ಒಂದು ತಿಂಗಳ ಚಂದಾವನ್ನು ಒಂದು ಸಿನಿಮಾದ ಬಾಡಿಗೆಯಿಂದ ಭಾಗಿಸಿದೆ. ಬಂದ ಸಂಖ್ಯೆಗಿಂತ ಜಾಸ್ತಿ ಸಿನಿಮಾಗಳನ್ನು ಆ ತಿಂಗಳಲ್ಲಿ ಆ ಸೇವೆಯಲ್ಲೇ ನೋಡುವುದಾದರೆ ಚಂದಾ ಲಾಭ. ಇಲ್ಲವಾದರೆ ಬಾಡಿಗೆಯೇ ವಾಸಿ. ಬಾಡಿಗೆಗೆ ತೆಗೆದುಕೊಂಡರೆ ಹೆಚ್ಚಿನ ಕಡೆ ನೋಡಲು ಶುರುಮಾಡಲು 30 ದಿನ, ಶುರುಮಾಡಿದ ಮೇಲೆ ಮುಗಿಸಲು 48 ಗಂಟೆ ಸಮಯ ಇರುತ್ತದೆ. ವಾರದ ಕೊನೆಗೊಂದು ಸಿನಿಮಾ ನೋಡುವ ಮನೆಗೆ ಇದು ಸಾಕಷ್ಟಾಯಿತು.

ಬಾಡಿಗೆಯ ಬಗ್ಗೆ ನನಗೆ ಇನ್ನೊಂದು ಒಲವೂ ಇದೆ. ಒಂದು ಸಿನಿಮಾ ಆರಿಸಿ, ಅದಕ್ಕೆಂದೇ ದುಡ್ಡು ಕೊಟ್ಟು ಕೂತಾಗ ಅರ್ಧಕ್ಕೆ ಬಿಟ್ಟು ಏಳುವುದಿಲ್ಲ. ನಿಧಾನಕ್ಕೆ ಶುರುವಾಗುವ ಒಳ್ಳೆಯ ಸಿನಿಮಾಗಳಿಗೆ ಆ ತಾಳ್ಮೆ ಬೇಕು.

ಇಂಟರ್ನೆಟ್ ವೇಗವನ್ನೂ ಅಳೆದೆ. ನೆಟ್‌ಫ್ಲಿಕ್ಸ್ 1080ಪಿ (ಫುಲ್ ಎಚ್‌ಡಿ) ಚಿತ್ರಕ್ಕೆ ಸೆಕೆಂಡಿಗೆ 5 ಮೆಗಾಬಿಟ್, ಅದಕ್ಕಿಂತಲೂ ಸ್ಪಷ್ಟವಾದ 4ಕೆಗೆ 15 ಮೆಗಾಬಿಟ್ ಬೇಕು ಎನ್ನುತ್ತದೆ. ಅಳೆಯಲು ಅವರದೇ ಫಾಸ್ಟ್ ಡಾಟ್ ಕಾಮ್ ಇದೆ. ಫೋನ್ ಹಿಡಿದು ರೌಟರ್ ಪಕ್ಕ ನಿಂತು ಅಳೆದರೆ ಪ್ರಯೋಜನವಿಲ್ಲ. ಟಿವಿ ಇರುವ ಜಾಗದಲ್ಲಿ, ಸಿನಿಮಾ ನೋಡುವ ಹೊತ್ತಿನಲ್ಲಿ, ಮನೆಯವರೆಲ್ಲ ತಮ್ಮತಮ್ಮ ಫೋನ್ ಹಿಡಿದಿರುವಾಗ ಅಳೆಯಬೇಕು. ಡೇಟಾಗೆ ಮಿತಿ ಇರುವವರು ಒಂದು ಲೆಕ್ಕ ಹಾಕಿಕೊಳ್ಳಿ. ಸೆಕೆಂಡಿಗೆ 15 ಮೆಗಾಬಿಟ್ ಅಂದರೆ ಗಂಟೆಗೆ 54,000 ಮೆಗಾಬಿಟ್, ಎಂಟರಿಂದ ಭಾಗಿಸಿದರೆ 6,750 ಮೆಗಾಬೈಟ್. ಅಂದರೆ ಎರಡು ಗಂಟೆಯ ಸಿನಿಮಾಕ್ಕೆ ಸುಮಾರು 13.5 ಜಿಬಿ.

ಇನ್ನು ಬಹಳ ಜನ ನೋಡದೆ ಬಿಡುವ ವಿಷಯ ಒಂದಿದೆ, ಅದು ನೋಡುವ ಸಾಧನ. ಎಚ್‌ಡಿ ಪ್ಲಾನ್‌ಗೆ ದುಡ್ಡು ಕಟ್ಟಿದ ಮಾತ್ರಕ್ಕೆ ಎಚ್‌ಡಿ ಚಿತ್ರ ಬರುವುದಿಲ್ಲ. ಆಂಡ್ರಾಯ್ಡ್ ಫೋನ್, ಟಿವಿ, ಟಿವಿ ಬಾಕ್ಸ್‌ಗಳಲ್ಲಿ ಗೂಗಲ್‌ನ ವೈಡ್‌ವೈನ್ ಎಂಬ ರಕ್ಷಣಾ ವ್ಯವಸ್ಥೆ ಇರುತ್ತದೆ. ಕಳ್ಳನಕಲು ತಡೆಯಲು ಸಿನಿಮಾವನ್ನು ಬೀಗ ಹಾಕಿ ಕಳಿಸುತ್ತಾರೆ, ಆ ಬೀಗ ತೆರೆಯುವುದು ಇದರ ಕೆಲಸ. ಇದರಲ್ಲಿ ಎಲ್1, ಎಲ್3 ಎಂಬ ಮಟ್ಟಗಳಿವೆ. ಎಲ್1 ಇದ್ದರೆ ಚಿಪ್‌ನ ಸುರಕ್ಷಿತ ಭಾಗದಲ್ಲೇ ಬೀಗ ತೆರೆಯುತ್ತದೆ. ಎಲ್3ರಲ್ಲಿ ಅದೆಲ್ಲ ಬರೀ ಸಾಫ್ಟ್‌ವೇರ್‌ನಲ್ಲಿ ನಡೆಯುತ್ತದೆ. ಎಲ್3 ಸಾಧನವನ್ನು ನಂಬದ ಸೇವೆಗಳು ಅದಕ್ಕೆ ಸಾಮಾನ್ಯವಾಗಿ ಕಡಿಮೆ ಗುಣಮಟ್ಟದ ಚಿತ್ರವನ್ನೇ ಕಳಿಸುತ್ತವೆ. ಪರದೆ 4ಕೆ ಇದ್ದರೂ ಅಷ್ಟೇ, ನೆಟ್ ಎಷ್ಟೇ ವೇಗವಾಗಿದ್ದರೂ ಅಷ್ಟೇ. ನಮ್ಮ ಹಳೆಯ ಟಿವಿ ಬಾಕ್ಸ್ ಎಲ್3 ಎಂದು ಪರೀಕ್ಷಿಸಿದಾಗ ಗೊತ್ತಾಯಿತು. ಈ ರಕ್ಷಣಾ ವ್ಯವಸ್ಥೆಯ (ಡಿಆರ್‌ಎಂ) ಮಾಹಿತಿ ತೋರಿಸುವ ಉಚಿತ ಆ್ಯಪ್‌ಗಳಿವೆ, ಎರಡು ನಿಮಿಷದ ಕೆಲಸ. ಆ ಬಾಕ್ಸಿಗೆ ದೊಡ್ಡ ಪ್ಲಾನ್ ಹಾಕಿಸಿದ್ದರೆ ಪ್ರತಿ ತಿಂಗಳೂ ಸುಮ್ನೆ ದುಡ್ಡು ಹೋಗುತ್ತಿತ್ತು. ಕಂಪ್ಯೂಟರ್‌ನಿಂದ ಎಚ್‌ಡಿಎಂಐ ಕೇಬಲ್ ಹಾಕಿ ಟಿವಿಯಲ್ಲಿ ನೋಡುವವರು ಎಚ್‌ಡಿಸಿಪಿ ಎಂಬ, ಕೇಬಲ್‌ನಲ್ಲಿ ನಕಲು ತಡೆಯುವ ವ್ಯವಸ್ಥೆಯನ್ನೂ ಗಮನಿಸಬೇಕು. 4ಕೆ ಬರಬೇಕಾದರೆ ಸಾಮಾನ್ಯವಾಗಿ ಅದರ 2.2ನೇ ಆವೃತ್ತಿ ಎರಡೂ ಕಡೆ ಇರಬೇಕು.

ಅಮ್ಮನ ಪುಟಕ್ಕೆ ಬರುತ್ತೇನೆ. ಅಮ್ಮನಿಗೆ ಕಿವಿ ಸ್ವಲ್ಪ ಮಂದ. ಸೌಂಡ್ ಜಾಸ್ತಿ ಮಾಡಿದರೆ ಸಂಗೀತ ಕಿವಿಗೆ ಬಡಿಯುತ್ತದೆ, ಮಾತು ಆಗಲೂ ಕೇಳಿಸುವುದಿಲ್ಲ. “ನಂಗೆ ಸಿನಿಮಾ ಯಾವುದಾದ್ರೂ ಆಗ್ಲಿ ಕಣೋ, ಕೆಳಗೆ ಅಕ್ಷರ ಬರ್ಬೇಕು, ಅದೂ ದೊಡ್ಡದಾಗಿ” ಎಂದರು. ಒಂದು ಸೇವೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆ ನನಗೆ ಸಿಕ್ಕಿಲ್ಲ. ಸಬ್‌ಟೈಟಲ್‌ನಲ್ಲಿ ಎರಡು ಬಗೆ. ಭಾಷೆ ಬಾರದವರಿಗಾಗಿ ಮಾಡಿದ್ದು ಒಂದು, ಅದರಲ್ಲಿ ಮಾತಿನ ಅನುವಾದ ಮಾತ್ರ ಇರುತ್ತದೆ. ಕಿವಿ ಕೇಳದವರಿಗಾಗಿ ಮಾಡಿದ್ದು ಇನ್ನೊಂದು. ಅದರಲ್ಲಿ ಯಾರು ಮಾತಾಡುತ್ತಿದ್ದಾರೆ, ಬಾಗಿಲು ಬಡಿದ ಸದ್ದು, ದೂರದಲ್ಲಿ ಅಳುವ ಮಗು, ಎಲ್ಲವೂ ಬರಹದಲ್ಲಿ ಬರುತ್ತದೆ. ಸಬ್‌ಟೈಟಲ್‌ಗಳ ಪಟ್ಟಿಯಲ್ಲಿ ಎಸ್‌ಡಿಎಚ್ ಅಥವಾ ಸಿಸಿ ಎಂಬ ಗುರುತು ಇದ್ದರೆ ಅದು ಎರಡನೆಯ ಬಗೆ.

ಅನುವಾದದ ಸಬ್‌ಟೈಟಲ್ ಇರುವ ಎಷ್ಟೋ ಸಿನಿಮಾಗಳಲ್ಲಿ ಆ ಸಿನಿಮಾದ ಸ್ವಂತ ಭಾಷೆಯ ಸಬ್‌ಟೈಟಲ್ ಇರುವುದಿಲ್ಲ. ತನ್ನದೇ ಭಾಷೆಯ ಸಿನಿಮಾವನ್ನು ಬೇರೆ ಭಾಷೆಯ ಅಕ್ಷರ ಓದಿಕೊಂಡು ನೋಡಬೇಕಾದ ಸ್ಥಿತಿ ಅಮ್ಮನದು. ಇದು ನನಗೆ ನಿಜಕ್ಕೂ ಬೇಸರ ತರಿಸಿತು. ಹಾಗಾಗಿ ಅವರ ಪುಟದ ಪ್ರತಿ ಸಿನಿಮಾದ ಮುಂದೆ ಯಾವ ಭಾಷೆಯ ಸಬ್‌ಟೈಟಲ್ ಇದೆ ಎಂದು ಬರೆದೆ. ಹೆಚ್ಚಿನ ಸೇವೆಗಳಲ್ಲಿ ಸಿನಿಮಾದ ವಿವರದ ಪುಟದಲ್ಲೇ ಈ ಮಾಹಿತಿ ಸಿಗುತ್ತದೆ. ಅಕ್ಷರದ ಗಾತ್ರ ಬದಲಿಸಲು ಆಗುತ್ತದೆಯೇ, ಅಕ್ಷರದ ಹಿಂದೆ ಕಪ್ಪು ಪಟ್ಟಿ ಇಡಲು ಬರುತ್ತದೆಯೇ ಎಂದೂ ನೋಡಿದೆ. ಬಿಳಿ ಗೋಡೆಯ ಮೇಲೆ ಬಿಳಿ ಅಕ್ಷರ ಬಂದರೆ ಯಾರಿಗೆ ಕಾಣುತ್ತದೆ ಹೇಳಿ. ಕೊನೆಗೆ ನಮ್ಮ ಮನೆಗೆ ಯಾವ ಸೇವೆ ಬರಬೇಕು ಎಂದು ತೀರ್ಮಾನಿಸಿದ್ದು ಅಮ್ಮನ ಈ ಪುಟವೇ. ನನ್ನ ಪಟ್ಟಿಯ ಹೆಸರುಗಳು ಜಾಸ್ತಿ ಇದ್ದ ಸೇವೆಯನ್ನು ಬಿಟ್ಟು, ಅಮ್ಮನಿಗೆ ಓದಿಕೊಂಡು ನೋಡಲು ಆಗುವ ಸಿನಿಮಾಗಳು ಜಾಸ್ತಿ ಇದ್ದದ್ದನ್ನು ಆರಿಸಿದೆ. ನನ್ನ ಪಟ್ಟಿಗೆ ಬಾಡಿಗೆ ಇತ್ತಲ್ಲ.

ಜಾಹೀರಾತು ಬರುವ ಅಗ್ಗದ ಪ್ಲಾನ್ ತೆಗೆದುಕೊಳ್ಳಲಿಲ್ಲ. ಧಾರಾವಾಹಿ, ಮಾತುಕತೆಯ ಕಾರ್ಯಕ್ರಮಗಳಿಗೆ ಅದು ಸಾಕು. ಸಿನಿಮಾಕ್ಕೆ ಬೇಡ. ನಿರ್ದೇಶಕರು ಬೇಕೆಂದೇ ಇಟ್ಟ ಮೌನದ ಮಧ್ಯೆ ಸಾಬೂನಿನ ಹಾಡು ಬಂದರೆ ಆ ದೃಶ್ಯ ಅಲ್ಲಿಗೇ ಸತ್ತಂತೆ. ಅಗ್ಗದ ಪ್ಲಾನ್‌ಗಳಲ್ಲಿ ಕೆಲವು ಸಿನಿಮಾಗಳೇ ಸಿಗದಿರುವುದೂ ಉಂಟು. ಒಪ್ಪಂದದಲ್ಲಿ ಜಾಹೀರಾತಿಗೆ ಅವಕಾಶ ಇಲ್ಲದಿದ್ದರೆ ಆ ಸಿನಿಮಾಕ್ಕೆ ಬೀಗದ ಗುರುತು ಬೀಳುತ್ತದೆ.

ತಿಂಗಳ ಚಂದಾ ಶುರುವಾದ ದಿನವೇ ಹೊಸ ಸಿನಿಮಾ ಹಾಕಲಿಲ್ಲ. ನಾನು ಮೊದಲೇ ಚೆನ್ನಾಗಿ ನೋಡಿದ್ದ, ಕತ್ತಲ ದೃಶ್ಯಗಳು ಜಾಸ್ತಿ ಇರುವ ಒಂದು ಸಿನಿಮಾ ಹಾಕಿದೆ. ಕತ್ತಲಲ್ಲೇ ಚಿತ್ರದ ಗುಣಮಟ್ಟ ಗೊತ್ತಾಗುವುದು. ಡೇಟಾ ಉಳಿಸಲು ಚಿತ್ರವನ್ನು ಹೆಚ್ಚು ಕುಗ್ಗಿಸಿದ್ದರೆ ಕತ್ತಲೆಯ ಆಕಾಶದಲ್ಲಿ ಚೌಕಚೌಕ, ಪಟ್ಟೆಪಟ್ಟೆ ಕಾಣುತ್ತದೆ. ಬ್ಲೂರೇ ಡಿಸ್ಕ್‌ನಲ್ಲಿ ಚಿತ್ರಕ್ಕೆ ಸೆಕೆಂಡಿಗೆ 40 ಮೆಗಾಬಿಟ್‌ವರೆಗೂ ಜಾಗ ಇರುತ್ತದೆ. 1080ಪಿ ಸ್ಟ್ರೀಮಿಂಗ್‌ನಲ್ಲಿ ಬರುವುದು ಅದಕ್ಕಿಂತ ಎಷ್ಟೋ ಕಡಿಮೆ. ಹೊಸ ಬಗೆಯ ಕುಗ್ಗಿಸುವ ವಿಧಾನಗಳು ಈ ಅಂತರವನ್ನು ಬಹಳಷ್ಟು ತುಂಬುತ್ತವೆ, ಆದರೂ ಕತ್ತಲೆಯಲ್ಲಿ ಸಿಕ್ಕಿಬೀಳುತ್ತವೆ.

ಆಮೇಲೆ ಹಳೆಯ ಸಿನಿಮಾ ಒಂದನ್ನು ತೆರೆದು ಅಂಚುಗಳನ್ನು ನೋಡಿದೆ. 1950ರ ದಶಕಕ್ಕೆ ಮುಂಚಿನ ಸಿನಿಮಾಗಳ ಚೌಕಟ್ಟು ಹೆಚ್ಚುಕಡಿಮೆ ಚೌಕ, ಅಗಲ 1.37 ಇದ್ದರೆ ಎತ್ತರ 1. ಅದು ಈಗಿನ ಟಿವಿಯಲ್ಲಿ ಸರಿಯಾಗಿ ಬಂದರೆ ಎಡಬಲ ಕಪ್ಪು ಪಟ್ಟಿ ಇರಲೇಬೇಕು. ಪರದೆ ತುಂಬಿದ್ದರೆ ಮೇಲೆ ಕೆಳಗೆ ಕತ್ತರಿಸಿದ್ದಾರೆ, ಇಲ್ಲವೇ ಚಿತ್ರವನ್ನು ಅಗಲಕ್ಕೆ ಎಳೆದಿದ್ದಾರೆ ಎಂದೇ ಅರ್ಥ. ಒಂದು ಸೇವೆಯಲ್ಲಿ ನಾನು ತೆರೆದ ಹಳೆಯ ಸಿನಿಮಾದಲ್ಲಿ ನಟಿಯ ಹಣೆಯೇ ಇರಲಿಲ್ಲ. ಅದನ್ನು ನೋಡಲು ಮನಸ್ಸಾಗಲಿಲ್ಲ, ಆ ಹೆಸರನ್ನು ಡಿಸ್ಕ್‌ನಲ್ಲಿ ಹುಡುಕಬೇಕಾದವುಗಳ ಸಾಲಿಗೆ ಸೇರಿಸಿದೆ. ಸಿನಿಮಾ ಯಾವುದೋ ಧಾರಾವಾಹಿಯಂತೆ ನುಣುಪಾಗಿ, ಅತಿ ಸರಾಗವಾಗಿ ಓಡುತ್ತಿದ್ದರೆ ಮಾತ್ರ ಸೇವೆಯನ್ನು ದೂರಬೇಡಿ. ಸೆಕೆಂಡಿಗೆ 24 ಬಿಡಿಚಿತ್ರಗಳ (ಫ್ರೇಮ್) ಸಿನಿಮಾಕ್ಕೆ ಟಿವಿ ತಾನೇ ನಡುವೆ ಬಿಡಿಚಿತ್ರಗಳನ್ನು ಸೇರಿಸುತ್ತಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಮೋಷನ್ ಸ್ಮೂದಿಂಗ್ ಆಫ್ ಮಾಡಿದರೆ ಸರಿಹೋಗುತ್ತದೆ. ಈಚಿನ ಟಿವಿಗಳಲ್ಲಿ ಇದನ್ನು ತಾನೇ ಆಫ್ ಮಾಡುವ ಫಿಲ್ಮ್‌ಮೇಕರ್ ಮೋಡ್ ಎಂದೂ ಒಂದಿರುತ್ತದೆ.

ವರ್ಷದ ಚಂದಾ ಒಟ್ಟಿಗೆ ಕಟ್ಟಿದರೆ ಅಗ್ಗ, ಅದು ನಿಜ. ಆದರೂ ಕಟ್ಟಲಿಲ್ಲ. ಸಿನಿಮಾಗಳು ಬಂದುಹೋಗುವಂತೆ ನಿಯಮಗಳೂ ಬದಲಾಗುತ್ತವೆ. ಮನೆಯಿಂದಾಚೆಗೆ ಪಾಸ್‌ವರ್ಡ್ ಹಂಚಿಕೊಳ್ಳುವುದನ್ನು ನೆಟ್‌ಫ್ಲಿಕ್ಸ್ 2023ರಲ್ಲಿ ಬಿಗಿಮಾಡಿತು. ಅಮೆಜಾನ್ ಪ್ರೈಮ್ ವಿಡಿಯೊ 2024ರ ಜನವರಿಯಲ್ಲಿ ಅಮೆರಿಕದಲ್ಲಿ ಅದಾಗಲೇ ಚಂದಾ ಕಟ್ಟುತ್ತಿದ್ದವರಿಗೇ ಜಾಹೀರಾತು ತೋರಿಸಲು ಶುರುಮಾಡಿ, ಅದು ಬೇಡವಾದರೆ ಹೆಚ್ಚಿನ ದುಡ್ಡು ಕೇಳಿತು. ಒಂದೊಂದೇ ತಿಂಗಳು ಕಟ್ಟುವವರಿಗೆ ಇಂಥ ಹೊತ್ತಿನಲ್ಲಿ ಎದ್ದು ಹೋಗುವ ಸ್ವಾತಂತ್ರ್ಯ ಇರುತ್ತದೆ.

ಚಂದಾ ಕಟ್ಟಿದ ದಿನವೇ ಕ್ಯಾನ್ಸಲ್ ಒತ್ತುತ್ತೇನೆ. ಹೆಚ್ಚಿನ ಸೇವೆಗಳಲ್ಲಿ ಕಟ್ಟಿದ ಅವಧಿ ಮುಗಿಯುವವರೆಗೂ ಸಿನಿಮಾ ನೋಡಬಹುದು, ತಾನಾಗಿ ಮುಂದುವರಿಯುವುದು ಮಾತ್ರ ನಿಲ್ಲುತ್ತದೆ. ಒತ್ತುವ ಮುಂಚೆ ಒಮ್ಮೆ ಓದಿಕೊಳ್ಳಿ, ಉಚಿತ ಟ್ರಯಲ್ ಆಗಿದ್ದರೆ ಕೆಲವು ಕಡೆ ಆ ಕ್ಷಣಕ್ಕೇ ಬಂದ್ ಆಗುತ್ತದೆ. ಫೋನ್‌ನ ಆ್ಯಪ್ ಸ್ಟೋರ್ ಮೂಲಕ ದುಡ್ಡು ಕಟ್ಟಿದ್ದರೆ ಕ್ಯಾನ್ಸಲ್ ಮಾಡುವುದೂ ಅಲ್ಲಿಂದಲೇ. ಆ್ಯಪ್ ಅಳಿಸಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ. ತಿಂಗಳು ಮುಗಿದಾಗ ಪಟ್ಟಿಯ ಹೆಸರುಗಳು ಎಲ್ಲೆಲ್ಲಿವೆ ಎಂದು ಮತ್ತೆ ಹುಡುಕುತ್ತೇನೆ. ಅಮ್ಮನ ಪುಟದಲ್ಲಿ ಇನ್ನೂ ಹೆಸರುಗಳು ಉಳಿದಿದ್ದರೆ ಅದೇ ಸೇವೆ ಇನ್ನೊಂದು ತಿಂಗಳು. ಇಲ್ಲದಿದ್ದರೆ ಬೇರೆ ಸೇವೆ, ಅಥವಾ ಆ ತಿಂಗಳು ಯಾವುದೂ ಇಲ್ಲ. ಮೊದಲು ಆರಿಸಿದ ಸೇವೆಯನ್ನು ಸದ್ಯಕ್ಕೆ ಬಿಟ್ಟಿದ್ದೇವೆ. ಅಮ್ಮನಿಗೆ ಬೇಕಾದ ಇನ್ನಷ್ಟು ಸಿನಿಮಾಗಳು ಅವರದೇ ಭಾಷೆಯ ಅಕ್ಷರದೊಂದಿಗೆ ಅಲ್ಲಿಗೆ ಬಂದ ತಿಂಗಳು ಮತ್ತೆ ಕಟ್ಟುತ್ತೇವೆ.